ಎನ್‌ಸಿ, ತಾರೀಖು, ಪ್ರೂಫು: ಡೊಂಬಿವಲಿಯ ಥ್ರಿಲ್ಲರ್ ಒಂದು ಅಚ್ಚಿಗೆ ಹೋದ ಬಗೆ

ನನ್ನ ಕಾದಂಬರಿ ಕೊನೆಗೂ ಪ್ರೆಸ್ಸಿಗೆ ಹೋಗಿದೆ. ಡೊಂಬಿವಲಿಯ ಕನ್ನಡದ ಹೆಣ್ಣುಮಗಳೊಬ್ಬಳು ಹೊಡೆತ ತಾಳಲಾರದೆ ಗಂಡನ ಮನೆ ಬಿಡುತ್ತಾಳೆ, ಅವನು ಬೆನ್ನು ಬೀಳುತ್ತಾನೆ. ಕಥೆ ಇಷ್ಟೇ. 2023ರ ದಸರೆಗೆ ಶುರು ಮಾಡಿದ್ದು, ಮೊದಲ ಕರಡು ಮುಗಿಯುವಾಗ 2024ರ ಜೂನ್. ತಿದ್ದಲು ಹಿಡಿದ ಕಾಲ ಬರೆದ ಕಾಲಕ್ಕಿಂತ ಹೆಚ್ಚು. ಕೌಟುಂಬಿಕ ದೌರ್ಜನ್ಯದ ವಸ್ತು ಹಿಡಿದು ಕನ್ನಡದಲ್ಲಿ ಥ್ರಿಲ್ಲರ್ ಬರೆಯಹೊರಟವರು, ಅದೂ ಕಥೆಯನ್ನು ಮುಂಬಯಿ ಕಡೆ ಇಟ್ಟವರು, ಅದೇ ಗುಂಡಿಗಳಿಗೆ ಬೀಳದಿರಲಿ ಎಂದು ಈ ಟಿಪ್ಪಣಿ.

ಮೊದಲ ಕರಡನ್ನು ಕಲ್ಯಾಣ ಕೋರ್ಟಿನಲ್ಲಿ ಇಂಥವೇ ಕೇಸು ನಡೆಸುವ ವಕೀಲೆಯೊಬ್ಬರಿಗೆ ಕೊಟ್ಟಾಯಿತು. ಮೂರು ವಾರಕ್ಕೆ ವಾಪಸ್ ಬಂತು. ಏಳನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: "ಇವನನ್ನು ಯಾವ ಕಲಂ ಮೇಲೆ ಎತ್ತಿಕೊಂಡು ಹೋದಿರಿ?" ಆ ಅಧ್ಯಾಯದಲ್ಲಿ ನಾಯಕಿ ಠಾಣೆಗೆ ಫೋನ್ ಮಾಡುತ್ತಾಳೆ, ಒಂದು ಗಂಟೆಯೊಳಗೆ ಪೊಲೀಸರು ಗಂಡನಿಗೆ ಕೋಳ ಹಾಕುತ್ತಾರೆ. ಸಿನಿಮಾದಲ್ಲಿ ನಡೆಯುತ್ತದೆ. ಕಾನೂನಿನಲ್ಲಿ, ಹೆಂಗಸಿನ ಬೆನ್ನು ಬೀಳುವುದು ಮೊದಲ ಸಲದ ಅಪರಾಧವಾದರೆ ಗರಿಷ್ಠ ಮೂರು ವರ್ಷ ಶಿಕ್ಷೆ, ಮತ್ತು ಅದಕ್ಕೆ ಜಾಮೀನು ಹಕ್ಕಿನಿಂದಲೇ ಸಿಗುತ್ತದೆ. ಎರಡನೇ ಸಲ ಶಿಕ್ಷೆಯಾಗುವಂತಾದರೆ ಮಾತ್ರ ಐದು ವರ್ಷದವರೆಗೆ, ಜಾಮೀನುರಹಿತ. ಗಂಡನ ಕ್ರೌರ್ಯದ ಕಲಂ ಜಾಮೀನುರಹಿತವೇ ಆದರೂ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯದ್ದು. ಇಂಥವುಗಳಲ್ಲಿ ಬಂಧನ ಏಕೆ ಬೇಕೆಂದು ಪೊಲೀಸರು ಕಾರಣ ಬರೆದಿಡಬೇಕು, ಇಲ್ಲವಾದರೆ ಹಾಜರಾಗಲು ನೋಟಿಸ್ ಕೊಡಬೇಕು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಇದನ್ನು ಬಿಗಿಮಾಡಿದೆ.

ಹದಿನಾಲ್ಕು ಪುಟ ಕಿತ್ತು ಹಾಕಬೇಕಾಯಿತು. ಆ ಜಾಗಕ್ಕೆ ಬಂದದ್ದು, ಠಾಣೆಗೆ ಹೋಗಿಬಂದ ಗಂಡ ಅದೇ ಸಂಜೆ ಅವಳ ಬಿಲ್ಡಿಂಗಿನ ಎದುರಿನ ಟಪರಿಯಲ್ಲಿ ಚಹಾ ಕುಡಿಯುತ್ತ ನಿಂತಿರುವ ದೃಶ್ಯ. ಹಸ್ತಪ್ರತಿ ಓದಿದ ಐದು ಜನರಲ್ಲಿ ನಾಲ್ವರು ಹೆದರಿದ್ದು ಅಲ್ಲಿ. ಚಾಕು ಹಿಡಿದು ಬರುವ ಕ್ಲೈಮ್ಯಾಕ್ಸಿಗೆ ಯಾರೂ ಅಷ್ಟು ಹೆದರಲಿಲ್ಲ. ಈ ಬಗೆಯ ಕಥೆಯಲ್ಲಿ ರೋಚಕತೆ ಇರುವುದು ಕೋರ್ಟಿನ ಎರಡು ತಾರೀಖುಗಳ ನಡುವಿನ ಖಾಲಿ ದಿನಗಳಲ್ಲಿ. ಹಾಗಾಗಿ ಮುಂದಿನ ಕೆಲಸವೆಲ್ಲ ಕ್ಯಾಲೆಂಡರಿನದ್ದಾಯಿತು.

ಆ ಕ್ಯಾಲೆಂಡರಿಗೇ ಮೊದಲ ಪೆಟ್ಟು ಬಿತ್ತು. 2024ರ ಜುಲೈ 1ಕ್ಕೆ ಹೊಸ ಕಾನೂನುಗಳು ಜಾರಿಗೆ ಬಂದವು. ಬೆನ್ನು ಬೀಳುವುದಕ್ಕಿದ್ದ ಭಾರತೀಯ ದಂಡ ಸಂಹಿತೆಯ 354ಡಿ (2013ರ ತಿದ್ದುಪಡಿಯಲ್ಲಿ ಬಂದದ್ದು) ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 78. ಗಂಡನ ಕ್ರೌರ್ಯದ 498ಎ ಈಗ 85, ಕ್ರೌರ್ಯದ ವ್ಯಾಖ್ಯೆ ಬೇರೆಯಾಗಿ 86ರಲ್ಲಿ. ಹುಡುಕಿ-ಬದಲಿಸಿ ಆಜ್ಞೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅಪರಾಧ ನಡೆದ ದಿನ ಯಾವ ಕಾನೂನು ಇತ್ತೋ ಅದೇ ಅನ್ವಯ. 2024ರ ಮೇ ತಿಂಗಳಲ್ಲಿ ಹೊಡೆದದ್ದು ಹಳೆಯ ಕಲಮಿಗೆ, ಆಗಸ್ಟಿನಲ್ಲಿ ಹಿಂಬಾಲಿಸಿದ್ದು ಹೊಸದಕ್ಕೆ. ಕೊನೆಗೆ ಕಥೆಯನ್ನೇ 2024ರ ಡಿಸೆಂಬರಿಗೆ ಎತ್ತಿಟ್ಟು ಪಾರಾಗಬೇಕಾಯಿತು. ಇನ್ನೊಂದು ಮಾತು: ಸಂಖ್ಯೆ ಬದಲಾದರೂ ಬಾಯಿ ಬದಲಾಗಿಲ್ಲ. ಪಾತ್ರಗಳು ಇವತ್ತಿಗೂ 'ಫೋರ್ ನೈಂಟಿ ಏಟ್ ಹಾಕ್ತೀನಿ' ಅಂತಲೇ ಅನ್ನುತ್ತವೆ. ಕಾಗದದಲ್ಲಿ 85, ಮಾತಿನಲ್ಲಿ 498. ಎರಡನ್ನೂ ಹಾಗೇ ಬಿಡಿ.

ಎರಡನೇ ತೊಡಕು ಹದ್ದಿನದು. ಡೊಂಬಿವಲಿ ಮುಂಬಯಿಯಲ್ಲ, ಪೊಲೀಸ್ ಲೆಕ್ಕಕ್ಕೆ ಥಾಣೆ ಕಮಿಷನರೇಟು. ನಾಯಕಿಯ ಕೆಲಸ ಫೋರ್ಟಿನಲ್ಲಿ, ಅದು ಮುಂಬಯಿ ಪೊಲೀಸರದ್ದು. ನಡುವೆ ಸೆಂಟ್ರಲ್ ಲೈನಿನ ಲೋಕಲ್ಲು. ಪ್ಲಾಟ್‌ಫಾರ್ಮಿನಲ್ಲೋ ಡಬ್ಬಿಯೊಳಗೋ ಅವನು ಎದುರಾದರೆ ಅದು ಜಿಆರ್‌ಪಿ, ಅಂದರೆ ಸರ್ಕಾರಿ ರೈಲ್ವೆ ಪೊಲೀಸರ ಕೆಲಸ. ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಬೇರೆ, ಅವರ ಮುಖ್ಯ ಹೊಣೆ ರೈಲ್ವೆ ಆಸ್ತಿ ಮತ್ತು ಪ್ರಯಾಣಿಕರ ರಕ್ಷಣೆ, ಇಂಥ ಅಪರಾಧದ ಎಫ್‌ಐಆರ್ ಬರೆಯುವವರು ಜಿಆರ್‌ಪಿಯವರು. ದಿನಕ್ಕೆ ಎರಡು ಸಲ ಓಡಾಡುವ ಹೆಂಗಸು ಹೀಗೆ ಮೂರು ಪೊಲೀಸರ ಹದ್ದು ದಾಟುತ್ತಾಳೆ, ಬೆನ್ನು ಬಿದ್ದವನೂ ದಾಟುತ್ತಾನೆ. 'ಇದು ನಮ್ಮದಲ್ಲ, ಅಲ್ಲಿ ಹೋಗಿ' ಎಂಬ ಮಾತು ಅವಳಿಗೆ ಎರಡು ಕಡೆ ಸಿಗುತ್ತದೆ. ಹೊಸ ಕಾನೂನುಗಳಲ್ಲೊಂದಾದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ದೂರು ಬರೆದುಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ಮೇಲ್, ಪೋರ್ಟಲ್ ಮೂಲಕ ಕೊಟ್ಟರೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಕಾದಂಬರಿಯಲ್ಲಿ ಆ ಮೂರನೇ ದಿನ ಅವಳು ಠಾಣೆಗೆ ಹೋಗದಂತೆ ಗಂಡ ತಡೆಯುವುದೇ ಒಂದು ಇಡೀ ಅಧ್ಯಾಯ.

ಈಗ ಎನ್‌ಸಿ ವಿಷಯ. ಬೆಂಗಳೂರಿನಲ್ಲಿ ಎನ್‌ಸಿಆರ್ ಎನ್ನುವುದನ್ನು ಇಲ್ಲಿ ಬರೀ ಎನ್‌ಸಿ ಅನ್ನುತ್ತಾರೆ, ಅಸಂಜ್ಞೇಯ ಅಪರಾಧದ ದಾಖಲೆ. ಠಾಣೆಯಿಂದ ಒಂದು ಕಾಗದ ಕೈಗೆ ಬಂತೆಂದು ಜನ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಆದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಎನ್‌ಸಿಯ ಮೇಲೆ ತನಿಖೆಯೇ ನಡೆಯುವುದಿಲ್ಲ. ಮೊದಲ ಕರಡಿನಲ್ಲಿ ನಾಯಕಿ ಎನ್‌ಸಿ ಹಿಡಿದು 'ಕೇಸಾಯಿತು' ಅನ್ನುತ್ತಿದ್ದಳು, ಲೇಖಕಿಗೂ ಅಷ್ಟೇ ತಿಳಿದಿತ್ತು. ಕಲಂ 78 ಸಂಜ್ಞೇಯ, ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದಾದದ್ದು. ಅದಕ್ಕೆ ಬೇಕಾದದ್ದು ಎಫ್‌ಐಆರ್, ಅದರ ಪ್ರತಿ ಪುಕ್ಕಟೆ. ಠಾಣೆಯವರು ಒಪ್ಪದಿದ್ದರೆ ದೂರನ್ನು ಬರಹದಲ್ಲಿ ಅಂಚೆ ಮೂಲಕ ಮೇಲಧಿಕಾರಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಹಾಗೆಂದು ಎನ್‌ಸಿ ಕಸವಲ್ಲ. ಹಳೆಯ ಎರಡು ಎನ್‌ಸಿಗಳು ಮುಂದೆ 'ಮತ್ತೆ ಮತ್ತೆ' ಎಂಬುದಕ್ಕೆ ತಾರೀಖಿನ ಸಾಕ್ಷಿ ಆಗುತ್ತವೆ.

ಕಲಂ 78ರ ಜೀವ ಇರುವುದೇ ಆ 'ಮತ್ತೆ ಮತ್ತೆ'ಯಲ್ಲಿ, ಮತ್ತು ಅವಳು ಒಲ್ಲೆನೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಎಂಬ ಮಾತಿನಲ್ಲಿ. ಕರಡಿನಲ್ಲಿ ನಾಯಕಿ ಅವನ ನಲವತ್ತು ಮೆಸೇಜಿಗೆ 'ಆಯ್ತು ರೀ', 'ಆಮೇಲೆ ಮಾತಾಡೋಣ' ಎಂದು ಉತ್ತರಿಸುತ್ತಿದ್ದಳು. ನಮ್ಮ ಹೆಣ್ಣುಮಕ್ಕಳ ಸ್ವಭಾವಕ್ಕೆ ಅದು ಸಹಜ. ಎದುರು ವಕೀಲನಿಗೆ ಅದೇ ಹಬ್ಬದೂಟ. ತಿದ್ದಿದ ಪ್ರತಿಯಲ್ಲಿ ಅವಳು ಒಂದೇ ಸಾಲು ಕಳಿಸುತ್ತಾಳೆ: 'ಇನ್ನು ನನಗೆ ಫೋನ್, ಮೆಸೇಜ್ ಮಾಡಬೇಡಿ, ನನ್ನ ಹಿಂದೆ ಬರಬೇಡಿ.' ಆಮೇಲೆ ಮೌನ. ಇಂಟರ್ನೆಟ್ಟು, ಇಮೇಲಿನ ಮೇಲೆ ಕಣ್ಣಿಡುವುದು ಅದೇ ಕಲಮಿನ ಎರಡನೇ ಭಾಗ. ಅಲ್ಲಿ ಈ 'ಒಲ್ಲೆ'ಯ ಷರತ್ತಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಯಾದದ್ದು 2006ರ ಅಕ್ಟೋಬರ್ 26. ಕಾದಂಬರಿಯ ಬೆನ್ನೆಲುಬು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಇದರಡಿ ಹಾಕುವ ಅರ್ಜಿಯಲ್ಲಿ ಗಂಡನನ್ನು ಜೈಲಿಗೆ ಹಾಕಿ ಎಂದು ಕೇಳುವುದಿಲ್ಲ. ಕೇಳುವುದು ಆದೇಶಗಳನ್ನು: ಕಲಂ 18ರಲ್ಲಿ ರಕ್ಷಣೆ, 19ರಲ್ಲಿ ವಾಸ, 20ರಲ್ಲಿ ಹಣ, 21ರಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿ, 22ರಲ್ಲಿ ಪರಿಹಾರ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾ ಅಧಿಕಾರಿ ಬರೆದುಕೊಳ್ಳುವ ಘಟನಾ ವರದಿ ನಮೂನೆ 1, ಈ ಆದೇಶಗಳನ್ನು ಕೇಳುವ ಕಲಂ 12ರ ಅರ್ಜಿ ನಮೂನೆ 2, ತುರ್ತು ಆದೇಶಕ್ಕೆ ಕೊಡುವ ಪ್ರಮಾಣಪತ್ರ (ಅಫಿಡವಿಟ್) ನಮೂನೆ 3. ನಮೂನೆ 5ರ ಹೆಸರು ಸುರಕ್ಷತಾ ಯೋಜನೆ. ಈ ಐದನೆಯದನ್ನು ಕಾದಂಬರಿಕಾರರು ಒಮ್ಮೆ ಓದಲೇಬೇಕು. ಯಾವ ಬಗೆಯ ಹಿಂಸೆ, ಅದರ ಪರಿಣಾಮ ಏನು, ಹೆಂಗಸಿನ ಭಯ ಏನು, ಅದಕ್ಕೆ ಏನು ಕ್ರಮ ಎಂದು ಕೋಷ್ಟಕದಲ್ಲಿ ಕೇಳುತ್ತದೆ. ಪಾತ್ರದ ಒಳಗನ್ನು ಇಷ್ಟು ನೇರವಾಗಿ ಕೇಳುವ ಸರ್ಕಾರಿ ಕಾಗದ ಬೇರೆ ಕಂಡಿಲ್ಲ.

ಕಾಯ್ದೆ ಹೇಳುವಂತೆ ಮೊದಲ ತಾರೀಖು ಸಾಮಾನ್ಯವಾಗಿ ಮೂರು ದಿನದೊಳಗೆ, ನೋಟಿಸ್ ಮುಟ್ಟಿಸಲು ಎರಡು ದಿನ, ಅರ್ಜಿಯ ಇತ್ಯರ್ಥಕ್ಕೆ ಮೊದಲ ತಾರೀಖಿನಿಂದ ಅರವತ್ತು ದಿನದ ಪ್ರಯತ್ನ. ಪುಸ್ತಕದಲ್ಲಿ ಓದಿ ಹಾಗೇ ಕಥೆಗೆ ಇಳಿಸಿದರೆ ಕೋರ್ಟು ನೋಡಿದ ಓದುಗರು ನಗುತ್ತಾರೆ. ಗಂಡನ ವಿಳಾಸ ಬದಲಾಗಿರುತ್ತದೆ, ನೋಟಿಸ್ ವಾಪಸ್ ಬರುತ್ತದೆ, ಅವನ ವಕೀಲ ವಕಾಲತ್ತು ಹಾಕಿ ಉತ್ತರಕ್ಕೆ ಸಮಯ ಕೇಳುತ್ತಾನೆ, ರಕ್ಷಣಾ ಅಧಿಕಾರಿಯ ವರದಿ ಬಂದಿರುವುದಿಲ್ಲ. ನಿಜವಾದ ಲಯ ಬೇಕಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣದ ಇತಿಹಾಸ ನೋಡಿ, 16 ಅಂಕಿ-ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ತಾರೀಖುಗಳ ಸಾಲು ಬರುತ್ತದೆ. ಯಾರ ಹೆಸರೂ ನಿಮಗೆ ಬೇಡ, ಎರಡು ತಾರೀಖಿನ ನಡುವಿನ ಅಂತರ ಸಾಕು. ಕೋರ್ಟಿನೊಳಗೆ ಕೂತು ನೋಡುತ್ತೇನೆ ಎಂದು ಹೊರಡಬೇಡಿ. ಈ ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಬಹುದು, ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ಸಾಕು. ಕಲ್ಯಾಣದಲ್ಲಿ ಎರಡು ದಿನ ಹೊರಗಿನ ಬೆಂಚಿನಲ್ಲೇ ಕಳೆಯಿತು. ಅಲ್ಲಿ ಸಿಕ್ಕಿದ್ದು ವಾದವಲ್ಲ, ಕಾಯುವವರ ಚೀಲಗಳು: ಪ್ಲಾಸ್ಟಿಕ್ ಫೈಲು, ನೀರಿನ ಬಾಟಲಿ, ಮಗುವಿನ ಬಿಸ್ಕತ್ತು, ಮದುವೆಯ ಆಲ್ಬಮ್ಮು. ಮದುವೆ ನೋಂದಣಿ ಆಗಿಲ್ಲದವರಿಗೆ ಆ ಆಲ್ಬಮ್ಮೂ ಲಗ್ನಪತ್ರಿಕೆಯೂ ರೇಷನ್ ಕಾರ್ಡೂ ದಾಖಲೆ.

ಹಣ ಕೇಳುವ ದೃಶ್ಯ ಇದ್ದರೆ ರಜನೇಶ್ ವಿರುದ್ಧ ನೇಹಾ ತೀರ್ಪು ನೆನಪಿಡಿ, 2020ರ ನವೆಂಬರದ್ದು. ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಹಾಕಬೇಕು. ಗಂಡ ಮುಚ್ಚಿಟ್ಟ ಮೀರಾ ರೋಡಿನ ಫ್ಲ್ಯಾಟು ಕಥೆಯಲ್ಲಿ ಹೊರಬರುವುದು ಪತ್ತೇದಾರನಿಂದಲ್ಲ, ಈ ಕಾಗದದಿಂದ. ಅತ್ತೆಯ ಹೆಸರಿನ ಮನೆ ಎಂದು ಸೊಸೆಯನ್ನು ಹೊರಹಾಕುವ ಸಂಭಾಷಣೆ ಇದ್ದರೆ 2020ರ ಅಕ್ಟೋಬರಿನ ಸತೀಶ್ ಅಹುಜಾ ತೀರ್ಪು ಅದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮನೆ ಅತ್ತೆ-ಮಾವನ ಹೆಸರಲ್ಲಿದ್ದ ಮಾತ್ರಕ್ಕೆ ಅವಳ ವಾಸದ ಹಕ್ಕು ಹೋಗದು. ಅರ್ಜಿಯನ್ನು ಅವಳು ತಾತ್ಕಾಲಿಕವಾಗಿ ಉಳಿದ ಊರಿನಲ್ಲೂ, ಕೆಲಸದ ಜಾಗದ ಕೋರ್ಟಿನಲ್ಲೂ ಹಾಕಬಹುದು. ನಾಯಕಿ ಕಲ್ಯಾಣ ಬಿಟ್ಟು ಫೋರ್ಟಿನ ಕಿಲ್ಲಾ ಕೋರ್ಟು ಹಿಡಿದದ್ದು ಹೀಗೆ, ಗಂಡ ಕಲ್ಯಾಣದಲ್ಲಿ ಕಾದು ನಿಂತಾಗ. ಪಕ್ಕದ ಮನೆಯ ಅಕ್ಕ ದೂರು ಕೊಡಬಹುದೇ? ಕಲಂ 85ರಲ್ಲಿ ಅವಳ ಮಾತು ನಡೆಯದು, ಹೆಂಗಸು ತಾನೇ ಅಥವಾ ನೆಂಟರು ಹೇಳಬೇಕು. 2005ರ ಕಾಯ್ದೆಯಡಿ ಯಾರು ಬೇಕಾದರೂ ರಕ್ಷಣಾ ಅಧಿಕಾರಿಗೆ ತಿಳಿಸಬಹುದು. ಬೆನ್ನು ಬಿದ್ದವನು ಆಫೀಸಿನವನೋ ಅಪರಿಚಿತನೋ ಆಗಿದ್ದರೆ ಈ ಕಾಯ್ದೆಯೇ ಬಾರದು, ಒಂದೇ ಸೂರಿನ ಸಂಬಂಧ ಇರಬೇಕು.

ಬಂಧನದ ದೃಶ್ಯ ಏನಾಯಿತು? ಇಪ್ಪತ್ತಮೂರನೇ ಅಧ್ಯಾಯಕ್ಕೆ ಹೋಯಿತು. ರಕ್ಷಣಾ ಆದೇಶ ಸಿಕ್ಕ ಮೇಲೆ ಅದನ್ನು ಮುರಿದರೆ ಕಲಂ 31: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಸಂಜ್ಞೇಯ, ಜಾಮೀನುರಹಿತ. ಆದೇಶದ ಪ್ರತಿಯನ್ನು ಕೋರ್ಟು ಅವಳಿಗೂ ಠಾಣೆಗೂ ಪುಕ್ಕಟೆ ಕೊಡುತ್ತದೆ. ಆದರೂ ಠಾಣೆಯ ಪ್ರತಿ ಯಾವ ಕಪಾಟಿನಲ್ಲಿದೆಯೋ, ಅವಳ ಬ್ಯಾಗಿನಲ್ಲಿ ಒಂದು ಇರಲಿ.

ಮೂರನೇ ತೊಡಕು ಭಾಷೆಯದು, ಇದನ್ನು ಯಾವ ಕಾನೂನು ಪುಸ್ತಕವೂ ಹೇಳಿರಲಿಲ್ಲ. ಇಲ್ಲಿ ಜಬಾಬು, ಅಂದರೆ ಹೇಳಿಕೆ, ಬರೆದುಕೊಳ್ಳುವುದು ಮರಾಠಿಯಲ್ಲಿ. ಗಂಡ ಕನ್ನಡದಲ್ಲಿ ಹೆದರಿಸಿದ್ದು: 'ನೋಡ್ಕೋತೀನಿ ನಿನ್ನ.' ಜೊತೆಗೆ ಹೋದ ಹುಡುಗ ಅದನ್ನು 'ತುಝೀ ಕಾಳಜೀ ಘೇಈನ್' ಎಂದು ಹೇಳಿಬಿಟ್ಟರೆ ಬೆದರಿಕೆ ಹೋಗಿ ಆರೈಕೆಯಾಯಿತು. ಮರಾಠಿಯಲ್ಲಿ ಅದಕ್ಕೆ ಸರಿಯಾದ ಮಾತು ಇದೆ, 'ಬಘೂನ್ ಘೇಈನ್', ಅದೇ ಧಾಟಿ, ಅದೇ ವಿಷ. ಅವನು ಆಡಿದ ಮಾತನ್ನು ಕನ್ನಡದಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆಸಿ, ಪಕ್ಕದಲ್ಲಿ ಅರ್ಥ ಹಾಕಿಸುವುದು ಸರಿಯಾದ ದಾರಿ. ದೂರನ್ನು ಓದಿ ಹೇಳಿದ ಮೇಲೆಯೇ ಸಹಿ. ಇಡೀ ಕಾದಂಬರಿಯ ತಿರುವು ಈ ಒಂದು ಕ್ರಿಯಾಪದದ ಮೇಲೆ ನಿಂತಿದೆ.

ಫೋನಿನ ಭಾಗಕ್ಕೆ ಮೊದಲು ಒಬ್ಬ ಹ್ಯಾಕರ್ ಪಾತ್ರ ಇತ್ತು. ಸೈಬರ್ ಕೆಲಸ ಬಲ್ಲವರು ಅವನನ್ನು ಹೊಡೆದು ಹಾಕಿಸಿದರು. ಮನೆಯೊಳಗಿನವನಿಗೆ ಹ್ಯಾಕರ್ ಏಕೆ? ಫೋನ್ ಕೊಂಡ ದಿನ ಅವನೇ ತನ್ನ ಮೇಲ್ ಐಡಿ ಹಾಕಿ ಸೆಟಪ್ ಮಾಡಿದ್ದಾನೆ. ಮ್ಯಾಪ್ಸ್‌ನಲ್ಲಿ ಲೊಕೇಶನ್ ಹಂಚಿಕೆ ತೆರೆದೇ ಇದೆ. ಜಂಟಿ ಖಾತೆಯ ಎಸ್ಸೆಮ್ಮೆಸ್ಸು ಅವನ ನಂಬರಿಗೆ, ಅವಳು ಎಟಿಎಮ್ಮಿನಿಂದ ಹಣ ತೆಗೆದರೆ ಅವನಿಗೆ ಗೊತ್ತು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಮಾಡಿದ ಸಾಧನಗಳು ನಾಲ್ಕರವರೆಗೆ ಇರಬಹುದು, ಅದರಲ್ಲೊಂದು ಅವನ ಲ್ಯಾಪ್‌ಟಾಪು. ಬ್ಯಾಗಿನ ಅಸ್ತರಿನಲ್ಲಿ ಹೊಲಿದ, ಇರುವ ಜಾಗ ತಿಳಿಸುವ ಪುಟ್ಟ ಏರ್‌ಟ್ಯಾಗ್ ಕಥೆಗೆ ಬೇಕೆಂದರೆ ಎಚ್ಚರ. 2024ರ ಮೇ ತಿಂಗಳಿನಿಂದ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಅಪರಿಚಿತ ಟ್ರ್ಯಾಕರ್ ಜೊತೆಗಿದೆ ಎಂಬ ಎಚ್ಚರಿಕೆ ಬರುತ್ತದೆ. ಡಿಸೆಂಬರಿನ ಕಥೆಯಲ್ಲಿ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಇರುವುದು ಕಷ್ಟ. ಖಾಸಗಿ ಪತ್ತೇದಾರ ಕಾಲ್ ರೆಕಾರ್ಡ್ (ಯಾರಿಗೆ, ಯಾವಾಗ ಕರೆ ಹೋಯಿತೆಂಬ ಪಟ್ಟಿ) ತಂದುಕೊಡುವ ದೃಶ್ಯವೂ ಹಾಗೆಯೇ, ಅದು ಅಪರಾಧ. 2018ರಲ್ಲಿ ಥಾಣೆ ಪೊಲೀಸರು ಇದೇ ದಂಧೆಯ ಮೇಲೆ ಹಲವರನ್ನು ಹಿಡಿದಿದ್ದರು.

ಸಾಕ್ಷಿಗೆ ಸ್ಕ್ರೀನ್‌ಶಾಟ್ ಒಂದೇ ಸಾಲದು. ಹೊಸ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಸರ್ಟಿಫಿಕೇಟು) ಜೊತೆಗೆ ಬೇಕು, ಹಳೆಯ 65ಬಿ ಇದೇ. ಈಗ ಅದಕ್ಕೆ ಎ, ಬಿ ಎಂದು ಎರಡು ಭಾಗ: ಒಂದು ಸಾಧನದ ಹೊಣೆಯವರು ತುಂಬುವುದು, ಇನ್ನೊಂದು ತಜ್ಞರು. ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು, ಅಂದರೆ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಗಾಯದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತಂಗಿಗೆ ಕಳಿಸಿ ಫೋನಿನಿಂದ ಅಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ-ಜಾಗದ ವಿವರ ಉದುರುತ್ತದೆ. ಮೂಲ ಫೋನು ಮಾರಬಾರದು. ಹೌಸಿಂಗ್ ಸೊಸೈಟಿಯ ಸಿಸಿಟಿವಿ ಹಾರ್ಡ್‌ಡಿಸ್ಕ್ ತುಂಬಿದೊಡನೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಹಾಗಾಗಿ ಕಾರ್ಯದರ್ಶಿಗೆ ಲಿಖಿತ ಅರ್ಜಿ ಅದೇ ವಾರ ಹೋಗಬೇಕು.

ಇಷ್ಟಾದ ಮೇಲೆ ಹಸ್ತಪ್ರತಿಯನ್ನು ಆಪ್ತಸಮಾಲೋಚಕಿಯೊಬ್ಬರು ಓದಿದರು. ಈ ಹಂತ ಬಿಡಬೇಡಿ. ನಾಯಕಿ ಲಿಂಕ್ ಆದ ಲ್ಯಾಪ್‌ಟಾಪನ್ನು ಕಂಡೊಡನೆ ಸಿಟ್ಟಿನಿಂದ ಲಾಗ್‌ಔಟ್ ಮಾಡುತ್ತಿದ್ದಳು, ಅವರು ತಡೆದರು. ಲಾಗ್‌ಔಟ್ ಆದ ಕ್ಷಣ ಅವನಿಗೆ ತಿಳಿಯುತ್ತದೆ, ಬಿಟ್ಟು ಹೋಗುವ ಹೊತ್ತೇ ಅತಿ ಅಪಾಯದ ಹೊತ್ತು. ಮೊದಲು ಇನ್ನೊಂದು ಫೋನಿನಿಂದ ಆ ಪರದೆಯ ಚಿತ್ರ, ದಾಖಲೆಗಳ ಪ್ರತಿ ನಂಬಿಕಸ್ಥರ ಮನೆಯಲ್ಲಿ, ಹೋಗುವ ಜಾಗ ಗೊತ್ತಾದ ಮೇಲೆ ಲಾಗ್‌ಔಟು. ಟ್ರ್ಯಾಕರನ್ನು ಎಲ್ಲಿ ಹೇಗೆ ಹೊಲಿಯಬೇಕು ಎಂಬ ಎರಡು ಪ್ಯಾರಾ ಕೂಡ ತೆಗೆಸಿದರು, ಅದು ಕಲಿಸಿಕೊಟ್ಟಂತೆ ಆಗುತ್ತಿತ್ತು. ಬದಲಿಗೆ ಹುಡುಕುವ ಬಗೆ ಉಳಿಯಿತು. ಅವರಿಂದಲೇ ತಿಳಿದದ್ದು: ಮುಂಬಯಿ ಪೊಲೀಸರ ಜೊತೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲೇ ಮಹಿಳೆಯರು-ಮಕ್ಕಳಿಗಾಗಿ ವಿಶೇಷ ಘಟಕ ಶುರು ಮಾಡಿತ್ತು, ಬಾಂದ್ರಾದ ಭಾಭಾ ಆಸ್ಪತ್ರೆಯೊಳಗೇ ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ 'ದಿಲಾಸಾ' ಕೇಂದ್ರವಿದೆ, 'ಬಾತ್‌ರೂಮಿನಲ್ಲಿ ಜಾರಿಬಿದ್ದೆ' ಎಂದು ಬರುವವರನ್ನು ಗುರುತಿಸುವುದು ಅಲ್ಲಿಂದ ಶುರುವಾಗುತ್ತದೆ. ನಾಯಕಿಯ ಮೊದಲ ಸುಳ್ಳು ಅಲ್ಲಿಯ ಒಬ್ಬ ನರ್ಸಿನ ಮುಂದೆ ಒಡೆಯುತ್ತದೆ.

ಖರ್ಚಿನ ಲೆಕ್ಕ ಚಿಕ್ಕದು. ಐಎಸ್‌ಬಿಎನ್‌ಗೆ ಶುಲ್ಕವಿಲ್ಲ. ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಪೋರ್ಟಲ್ಲಿನಲ್ಲಿ ಲೇಖಕರೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು, ನಡುವೆ ಯಾರೋ ದುಡ್ಡು ಕೇಳಿದರೆ ಕೊಡಬೇಡಿ. ಕಾಪಿರೈಟ್ ನೋಂದಣಿಗೆ 500 ರೂಪಾಯಿ, ಕಡ್ಡಾಯವಲ್ಲ. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸ್ವಂತ ಖರ್ಚಿನಲ್ಲಿ ಕಳಿಸುವುದು ಮಾತ್ರ ಕಡ್ಡಾಯ, 1954ರ ಕಾಯ್ದೆ.

ಕಾಲ ನುಂಗಿದ್ದು ಅಕ್ಷರ. ಹಸ್ತಪ್ರತಿ ಯೂನಿಕೋಡಿನಲ್ಲಿ, ಪ್ರೆಸ್ಸಿನ ಡಿಟಿಪಿ ಹಳೆಯ ನುಡಿ ಫಾಂಟಿನಲ್ಲಿ. ಪರಿವರ್ತಿಸಿದಾಗ 'ಸ್ಕ್ರೀನ್‌ಶಾಟ್' ಒತ್ತಕ್ಷರವಾಗಿ ಅಂಟಿಕೊಂಡಿತು, 'ವಾಟ್ಸ್‌ಆ್ಯಪ್'ನ 'ಆ್ಯ' ಎಲ್ಲೆಡೆ ಒಡೆಯಿತು, ಕಾದಂಬರಿಯಲ್ಲಿ ಆ ಪದ ಮುನ್ನೂರು ಸಲ ಬರುತ್ತದೆ. ಯೂನಿಕೋಡನ್ನೇ ನೇರ ಪುಟವಿನ್ಯಾಸಕ್ಕೆ ಹಾಕಿ, ಇನ್‌ಡಿಸೈನ್ ಆದರೆ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಲು ಮೊದಲ ದಿನವೇ ಹೇಳಿ. ಅದಿಲ್ಲದೆ ಒತ್ತಕ್ಷರ ಕೂರುವುದಿಲ್ಲ. ಮೂರು ಪ್ರೂಫು ಬೇಕಾಯಿತು.

ಡೆಮಿ 1/8 ಅಳತೆಯಲ್ಲಿ ಪುಸ್ತಕ 236 ಪುಟಕ್ಕೆ ನಿಂತಿತು. ಫಾರ್ಮಿಗೆ (ಒಮ್ಮೆಗೆ ಅಚ್ಚಾಗಿ ಮಡಚುವ ಹಾಳೆಗೆ) 16 ಪುಟದಂತೆ 15 ಫಾರ್ಮು, ಅಂದರೆ 240. ನಾಲ್ಕು ಪುಟ ಉಳಿಯಿತು. ಪ್ರೆಸ್ಸಿನವರು ಹಳೆಯ ಪುಸ್ತಕಗಳ ಜಾಹೀರಾತು ಹಾಕೋಣ ಎಂದರು. ಅಲ್ಲಿ ಕಲಂ 12ರ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿಯೂ ಸಹಾಯವಾಣಿಗಳೂ ಕೂತವು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮುಂಬಯಿ ಪೊಲೀಸರದ್ದು 103, ಜಿಆರ್‌ಪಿ 1512, ಉಚಿತ ವಕೀಲರಿಗೆ 15100. ಹೆಂಗಸರಿಗೆ ಈ ಉಚಿತ ನೆರವಿಗೆ ಆದಾಯದ ಮಿತಿ ಇಲ್ಲ. ಮೂರನೇ ಪ್ರೂಫಿನಲ್ಲಿ ನೋಡಿದರೆ ಕನ್ನಡಾಭಿಮಾನಿ ಡಿಟಿಪಿ ಹುಡುಗ ಆ ಪುಟದ ಅಂಕಿಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದ್ದ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಓದಲು ಬರುವುದೇ ಅಷ್ಟಕ್ಕಷ್ಟೆ, ಕನ್ನಡದ ಆರು-ಒಂಬತ್ತರಲ್ಲಿ ತಡವರಿಸುತ್ತಾರೆ. ಅಷ್ಟನ್ನು ಮಾತ್ರ 1, 2, 3ಕ್ಕೆ ಮರಳಿಸಿ, ಅಕ್ಷರದ ಅಳತೆ ಎರಡು ಪಾಯಿಂಟ್ ದೊಡ್ಡದು ಮಾಡಿಸಿ, ಪುಟದ ಮೂಲೆಯಲ್ಲಿ ಸಹಿ ಹಾಕಿ ಕೊಟ್ಟಾಯಿತು.